ಉಪಗ್ರಹ ಎತ್ತ ಮುಖ ಮಾಡಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜಿನಲ್ಲಿ ಪುಟ್ಟ ಉಪಗ್ರಹ ಕಟ್ಟಲು ಹೊರಟವರು, ಪಿಯು ಭೌತಶಾಸ್ತ್ರ ಓದುತ್ತಿರುವವರು, ಪೇಪರಿನಲ್ಲಿ ಇಸ್ರೊ ಸುದ್ದಿ ಬಿಡದೆ ಓದುವವರು, ಈ ಮೂರು ಬಗೆಯವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಬೇರೆ ಹೇಳದಿದ್ದರೆ ಲೆಕ್ಕಗಳೆಲ್ಲ 500 ಕಿ.ಮೀ. ಎತ್ತರದ ಕಕ್ಷೆಯವು.

ಕಕ್ಷೆ ಸರಿಯಾಗಿ ಸಿಕ್ಕರೆ ಸಾಲದೇ? ಈ "ಆಟಿಟ್ಯೂಡ್" ಬೇರೆ ಏನು?

ಬಸ್ಸು ಮೆಜೆಸ್ಟಿಕ್‌ನಲ್ಲಿದೆ ಎನ್ನುವುದು ಒಂದು ಮಾತು; ಅದರ ಮೂತಿ ಶಿವಾಜಿನಗರದ ಕಡೆಗಿದೆಯೋ ಮೈಸೂರು ರಸ್ತೆಯ ಕಡೆಗಿದೆಯೋ ಎನ್ನುವುದು ಇನ್ನೊಂದು. ಮೊದಲನೆಯದು ಕಕ್ಷೆ, ಎರಡನೆಯದು ಆಟಿಟ್ಯೂಡ್. ಬಸ್ಸಾದರೆ ಮೂತಿ ಇದ್ದತ್ತಲೇ ಹೋಗಬೇಕು. ಉಪಗ್ರಹಕ್ಕೆ ಆ ಕಟ್ಟುಪಾಡಿಲ್ಲ. ಅಡ್ಡಡ್ಡ, ತಲೆಕೆಳಗು, ಹಿಂದುಮುಂದು ಹೇಗಿದ್ದರೂ ಅದು ತನ್ನ ಕಕ್ಷೆಯಲ್ಲೇ ಸಾಗುತ್ತಿರುತ್ತದೆ. ಆದರೆ ಕ್ಯಾಮೆರಾ ಭೂಮಿಯನ್ನು, ಸೋಲಾರ್ ಫಲಕ ಸೂರ್ಯನನ್ನು, ಆಂಟೆನಾ ನೆಲದ ಕೇಂದ್ರವನ್ನು ನೋಡಬೇಕು, ರೇಡಿಯೇಟರ್ ತಣ್ಣನೆಯ ಆಕಾಶವನ್ನು ನೋಡಬೇಕು. ಇವಿಷ್ಟೂ ಒಟ್ಟಿಗೆ ಆಗಬೇಕು.

ಭೂಮಿಯನ್ನೇ ನೋಡುತ್ತಿರು ಎಂದರೆ ಅಲ್ಲಾಡದೆ ಇರು ಎಂದಲ್ಲ. ಒಂದು ಸುತ್ತಿಗೆ ಸುಮಾರು 95 ನಿಮಿಷ. ಅಷ್ಟರಲ್ಲಿ ಉಪಗ್ರಹವೂ ತನ್ನ ಸುತ್ತ ಒಂದು ಸಲ ತಿರುಗಬೇಕು. ಅಂದರೆ ನಿಮಿಷಕ್ಕೆ ಸುಮಾರು 3.8 ಡಿಗ್ರಿ, ಹಗಲೂ ರಾತ್ರಿ, ವರ್ಷಗಟ್ಟಲೆ.

ಒಂದು ಡಿಗ್ರಿ ಹೆಚ್ಚುಕಡಿಮೆಯಾದರೆ ಏನು ಮಹಾ?

500 ಕಿ.ಮೀ. ಮೇಲಿಂದ ಒಂದು ಡಿಗ್ರಿ ತಪ್ಪಿದರೆ ನೆಲದಲ್ಲಿ 8.7 ಕಿ.ಮೀ. ತಪ್ಪುತ್ತದೆ. ವಿಧಾನಸೌಧ ಬೇಕೆಂದರೆ ಜೆ.ಪಿ. ನಗರ ಸಿಗುತ್ತದೆ. ಡಿಗ್ರಿಯ 3,600ನೇ ಒಂದು ಭಾಗಕ್ಕೆ ಆರ್ಕ್ ಸೆಕೆಂಡ್ ಎನ್ನುತ್ತಾರೆ. ಅಷ್ಟು ತಪ್ಪಿದರೂ ನೆಲದಲ್ಲಿ 2.4 ಮೀಟರ್. 2019ರ ನವೆಂಬರ್ 27ರಂದು ಹಾರಿದ ಕಾರ್ಟೊಸ್ಯಾಟ್-3 ಸುಮಾರು 509 ಕಿ.ಮೀ. ಎತ್ತರದಿಂದ 25 ಸೆಂ.ಮೀ. ವಿವರ ತೋರಿಸುವ ಕ್ಯಾಮೆರಾ ಹೊತ್ತಿದೆ. ಅಲ್ಲಿಂದ 25 ಸೆಂ.ಮೀ. ಅಂದರೆ ಆರ್ಕ್ ಸೆಕೆಂಡಿನ ಹತ್ತನೇ ಒಂದು ಭಾಗ. ಟಿವಿ ಪ್ರಸಾರದ ಉಪಗ್ರಹಕ್ಕೆ ಇಷ್ಟು ಬಿಗಿ ಬೇಡ, ಡಿಗ್ರಿಯ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ ನಿಂತರೆ ಸಾಕು. ಅಗತ್ಯ ಎಷ್ಟೆಂದು ಮೊದಲು ಬರೆದುಕೊಳ್ಳದೆ ಸೆನ್ಸರ್ ಕೊಳ್ಳಲು ಹೊರಟ ತಂಡ ದುಡ್ಡು ಕಳೆದುಕೊಳ್ಳುತ್ತದೆ.

ಬುಗುರಿಯ ಹಾಗೆ ತಿರುಗಿಸಿ ಬಿಟ್ಟರೆ ತಾನೇ ನಿಲ್ಲುವುದಿಲ್ಲವೇ?

ನಿಲ್ಲುತ್ತದೆ. ಮೊದಮೊದಲು ಮಾಡಿದ್ದೂ ಅದನ್ನೇ. ಪೀಣ್ಯದ ಶೆಡ್‌ಗಳಲ್ಲಿ ಕಟ್ಟಿ 1975ರ ಏಪ್ರಿಲ್ 19ರಂದು ಹಾರಿಸಿದ ಆರ್ಯಭಟ ಹೀಗೆ ತಿರುಗುತ್ತಲೇ ಸ್ಥಿರವಾಗಿದ್ದ ಉಪಗ್ರಹ. ತಿರುಗುವ ಅಕ್ಷ ಆಕಾಶದಲ್ಲಿ ಒಂದೇ ಕಡೆ ನೆಟ್ಟಿರುತ್ತದೆ, ಕಂಪ್ಯೂಟರಿಗೆ ಕೆಲಸವೇ ಇಲ್ಲ.

ಆದರೆ ಯಾವ ಅಕ್ಷದ ಸುತ್ತ ತಿರುಗಿಸುತ್ತೀರಿ ಎನ್ನುವಲ್ಲಿ ಒಂದು ಮೋಸವಿದೆ. 1958ರಲ್ಲಿ ಅಮೆರಿಕದ ಎಕ್ಸ್‌ಪ್ಲೋರರ್-1 ಪೆನ್ಸಿಲಿನಂತೆ ಉದ್ದಕ್ಕಿತ್ತು, ಅದನ್ನು ಉದ್ದನೆಯ ಅಕ್ಷದ ಸುತ್ತಲೇ ತಿರುಗಿಸಿ ಬಿಟ್ಟರು. ಕೆಲವೇ ಗಂಟೆಗಳಲ್ಲಿ ಅದು ಗದೆ ಬೀಸಿದ ಹಾಗೆ ಅಡ್ಡಡ್ಡ ತಿರುಗತೊಡಗಿತು. ಬದಿಗೆ ಚಾಚಿದ್ದ ಬಳುಕುವ ಆಂಟೆನಾಗಳು ಅಲುಗಾಡಿ ಶಕ್ತಿಯನ್ನು ಶಾಖವಾಗಿ ಸೋರಿಸುತ್ತಿದ್ದವು. ಕೋನೀಯ ಸಂವೇಗ, ಅಂದರೆ ತಿರುಗಾಟದ ಒಟ್ಟು ಮೊತ್ತ, ಸೋರುವುದಿಲ್ಲ, ಶಕ್ತಿ ಸೋರುತ್ತದೆ. ಅದೇ ಸಂವೇಗವನ್ನು ಅತಿ ಕಡಿಮೆ ಶಕ್ತಿಯಲ್ಲಿ ಹಿಡಿದಿಡುವುದು ಮೊಮೆಂಟ್ ಆಫ್ ಇನರ್ಷಿಯಾ (ತಿರುಗಿಸಹೋದರೆ ಒಡ್ಡುವ ಜಡತೆ) ಅತಿ ಹೆಚ್ಚಿರುವ ಅಕ್ಷ. ವಸ್ತು ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ಟ್ಯಾಂಕಿನಲ್ಲಿ ತುಳುಕುವ ಇಂಧನವೂ ಇದೇ ಕಿತಾಪತಿ ಮಾಡುತ್ತದೆ. ಹಾಗಾಗಿ ತಿರುಗುವ ಉಪಗ್ರಹ ಪೆನ್ಸಿಲ್ ಆಗಬಾರದು, ಕೇರಂ ಪಾನು ಆಗಬೇಕು.

ಭೂಮಿಯ ಕಡೆ ಕ್ಯಾಮೆರಾ ನೆಟ್ಟಗೆ ಹಿಡಿಯಬೇಕೆಂದಾಗ ಬುಗುರಿ ಸಾಲದಾಯಿತು. 1981ರ ಆಪಲ್, 1988ರ ಐಆರ್‌ಎಸ್-1ಎ ಎರಡೂ ಮೂರು ಅಕ್ಷಗಳಲ್ಲೂ ಹತೋಟಿ ಇದ್ದ ಉಪಗ್ರಹಗಳು. ಇಂದಿನವು ಬಹುತೇಕ ಅದೇ ದಾರಿಯವು.

ತಾನು ಎತ್ತ ನೋಡುತ್ತಿದ್ದೇನೆಂದು ಉಪಗ್ರಹಕ್ಕೆ ಹೇಗೆ ಗೊತ್ತಾಗುತ್ತದೆ?

ನಿಜವಾದ ಕಷ್ಟ ಇಲ್ಲಿದೆ. ತಿರುಗಿಸಲು ಒಂದು ಮೋಟರ್ ಸಾಕು. ಎಲ್ಲಿಗೆ ತಿರುಗಿದ್ದೇನೆ ಎಂದು ಸರಿಯಾಗಿ ತಿಳಿಯದಿದ್ದರೆ ಆ ಮೋಟರೇ ಯಮನಾಗುತ್ತದೆ.

ಗುರುತು ಹಿಡಿಯಲು ಕನಿಷ್ಠ ಎರಡು ದಿಕ್ಕುಗಳು ಬೇಕು. ಸೂರ್ಯ ಎಲ್ಲಿದ್ದಾನೆಂದು ಮಾತ್ರ ಗೊತ್ತಿದ್ದರೆ, ಸೂರ್ಯನತ್ತ ನೆಟ್ಟ ಗೆರೆಯ ಸುತ್ತ ಎಷ್ಟು ಹೊರಳಿದ್ದೀರಿ ಎಂಬುದು ತಿಳಿಯುವುದಿಲ್ಲ. ಎರಡನೆಯದಾಗಿ ಭೂಮಿಯ ಕಾಂತಕ್ಷೇತ್ರವನ್ನೋ ದಿಗಂತವನ್ನೋ ನಕ್ಷತ್ರವನ್ನೋ ಸೇರಿಸಿದರೆ ಲೆಕ್ಕ ಮುಗಿಯುತ್ತದೆ. ಆ ಎರಡೂ ಹತ್ತಿರ ಹತ್ತಿರ ಒಂದೇ ಗೆರೆಯಲ್ಲಿರಬಾರದು. ಇದ್ದರೆ ಉತ್ತರ ಬರುತ್ತದೆ, ಆದರೆ ನಂಬುವಂತಿರುವುದಿಲ್ಲ.

ಎರಡು ದಿಕ್ಕುಗಳಿಂದ ನೇರವಾಗಿ ಲೆಕ್ಕ ಹಾಕುವ ಸುಲಭ ವಿಧಾನಕ್ಕೆ ಟ್ರಯಾಡ್ ಎಂದು ಹೆಸರು. ಅದು 1964ರದ್ದು. ಅನೇಕ ದಿಕ್ಕುಗಳಿದ್ದು ಒಂದೊಂದರ ನಿಖರತೆ ಒಂದೊಂದು ಥರ ಇದ್ದರೆ ಎಲ್ಲಕ್ಕೂ ಆದಷ್ಟು ಹೊಂದುವ ಉತ್ತರ ಯಾವುದು? ಈ ಪ್ರಶ್ನೆಯನ್ನು 1965ರಲ್ಲಿ ಗಣಿತದ ರೂಪದಲ್ಲಿ ಇಟ್ಟವರು ಗ್ರೇಸ್ ವಾಬಾ. ಅದನ್ನು ಬೇಗ ಬಿಡಿಸುವ ಕ್ವೆಸ್ಟ್ ಎಂಬ ವಿಧಾನವನ್ನು ಇಂದಿಗೂ ಬಳಸುತ್ತಾರೆ.

ಯಾವ ಸೆನ್ಸರ್ ಎಷ್ಟು ನಿಖರ?

ಸೂರ್ಯ ಸೆನ್ಸರಿನ ಅಗ್ಗದ ರೂಪವೆಂದರೆ ಆರು ಮುಖಗಳಿಗೂ ಅಂಟಿಸಿದ ಸಣ್ಣ ಸೋಲಾರ್ ಸೆಲ್‌ಗಳು. ಬಿಸಿಲು ಓರೆಯಾದಂತೆ ಕರೆಂಟು ಕೊಸೈನ್ ಲೆಕ್ಕದಲ್ಲಿ ಇಳಿಯುತ್ತದೆ, ಅದರಿಂದ ಕೋನ ತಿಳಿಯುತ್ತದೆ. ಮೋಸ ಎಲ್ಲಿ ಅಂದರೆ, ಭೂಮಿಯೂ ಬಿಸಿಲಿನ ಸುಮಾರು ಶೇ. 30ರಷ್ಟನ್ನು ಮೇಲಕ್ಕೆ ಎರಚುತ್ತದೆ. ಮೋಡದ ಮೇಲೆ ಹೋಗುವಾಗ ಈ ಬೆಳಕೇ ಲೆಕ್ಕವನ್ನು ಹತ್ತು ಡಿಗ್ರಿಗೂ ಮೀರಿ ತಪ್ಪಿಸಬಲ್ಲದು. ಸೀಳುಗಂಡಿಯ ಹಿಂದೆ ಪಿಕ್ಸೆಲ್ ಸಾಲು ಇಟ್ಟ ಡಿಜಿಟಲ್ ಸೂರ್ಯ ಸೆನ್ಸರಿಗೆ ಈ ಕಾಟ ಕಡಿಮೆ, ಡಿಗ್ರಿಯ ಹತ್ತನೇ ಭಾಗಕ್ಕಿಂತ ಚೆನ್ನಾಗಿ ಹೇಳುತ್ತದೆ. ಯಾವುದಾದರೂ ಸರಿ, ಭೂಮಿಯ ನೆರಳಿಗೆ ಹೋದರೆ ಕುರುಡು. ಅದು ಪ್ರತಿ ಸುತ್ತಿನಲ್ಲೂ 35 ನಿಮಿಷದ ತನಕ ಇರಬಹುದು.

ಭೂಮಿ ಸೆನ್ಸರ್ ನೋಡುವುದು ಕಣ್ಣಿಗೆ ಕಾಣುವ ದಿಗಂತವನ್ನಲ್ಲ, 14ರಿಂದ 16 ಮೈಕ್ರಾನ್ ಅಲೆಯುದ್ದದ ಇನ್‌ಫ್ರಾರೆಡ್ ಹೊಳಪನ್ನು. ಅದು ಗಾಳಿಯ ಕಾರ್ಬನ್ ಡೈಆಕ್ಸೈಡಿನಿಂದ ಬರುವುದರಿಂದ ಹಗಲು ರಾತ್ರಿ, ಮೋಡ, ಮರಳುಗಾಡು ಎನ್ನದೆ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಭೂಸ್ಥಿರ ಕಕ್ಷೆಯಿಂದ ಭೂಮಿ 17.4 ಡಿಗ್ರಿ ಅಗಲದ ತಟ್ಟೆ. 500 ಕಿ.ಮೀ.ಯಿಂದ ಅದೇ ಭೂಮಿ 136 ಡಿಗ್ರಿ, ಅರ್ಧ ಆಕಾಶಕ್ಕೆ ಹತ್ತಿರ. ಹಾಗಾಗಿ ಎರಡು ಕಕ್ಷೆಗೂ ಒಂದೇ ಸೆನ್ಸರ್ ಆಗಿಬರುವುದಿಲ್ಲ. ಚಂದ್ರ ನೋಟದೊಳಗೆ ನುಸುಳಿದರೂ ಇದು ಮೋಸ ಹೋಗುತ್ತದೆ. ಯಾವ ದಿನ ಯಾವ ಹೊತ್ತಿಗೆ ನುಸುಳುತ್ತಾನೆಂದು ಮೊದಲೇ ಲೆಕ್ಕ ಹಾಕಿ ಆ ಬದಿಯನ್ನು ಮುಚ್ಚಿಡುತ್ತಾರೆ.

ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್ ಅಗ್ಗ, ಹಗುರ, ನೆರಳಿನಲ್ಲೂ ಕೆಲಸ ಮಾಡುತ್ತದೆ. ಆದರೆ ಒಂದರಿಂದ ಮೂರು ಡಿಗ್ರಿ ತಪ್ಪನ್ನು ಒಪ್ಪಿಕೊಳ್ಳಬೇಕು. ಬಹುಪಾಲು ತಪ್ಪು ಸೆನ್ಸರಿನದ್ದಲ್ಲ, ಪಕ್ಕದ ಬ್ಯಾಟರಿ ತಂತಿ, ಮೋಟರ್, ಕಬ್ಬಿಣದ ಸ್ಕ್ರೂಗಳದ್ದು.

ಸ್ಟಾರ್ ಸೆನ್ಸರ್ ನಕ್ಷತ್ರವನ್ನು ಹೇಗೆ ಗುರುತು ಹಿಡಿಯುತ್ತದೆ?

ಅದೊಂದು ಕ್ಯಾಮೆರಾ, ಒಂದು ನಕ್ಷತ್ರಪಟ್ಟಿ, ಒಂದು ಕಂಪ್ಯೂಟರ್. ನೋಟ ಸಾಮಾನ್ಯವಾಗಿ 10ರಿಂದ 20 ಡಿಗ್ರಿ ಅಗಲ. ಪಟ್ಟಿಯಲ್ಲಿ ಕೆಲವು ಸಾವಿರ ನಕ್ಷತ್ರಗಳಿರುತ್ತವೆ, ಹೆಚ್ಚುಕಡಿಮೆ ಬರಿಗಣ್ಣಿಗೆ ಕಾಣುವಷ್ಟೇ. ಬೆಂಗಳೂರಿನ ಬರಿಗಣ್ಣಲ್ಲ ಬಿಡಿ, ಕರೆಂಟಿಲ್ಲದ ಊರಿನದ್ದು.

ಲೆನ್ಸನ್ನು ಬೇಕೆಂದೇ ಸ್ವಲ್ಪ ಮಸುಕು ಮಾಡಿರುತ್ತಾರೆ. ನಕ್ಷತ್ರದ ಬೆಳಕು ಒಂದೇ ಪಿಕ್ಸೆಲ್ಲಿಗೆ ಬಿದ್ದರೆ ಅದು ಪಿಕ್ಸೆಲ್ಲಿನ ಯಾವ ಮೂಲೆಯಲ್ಲಿದೆಯೆಂದು ಹೇಳಲಾಗದು. ಮೂರು ಬೈ ಮೂರು ಪಿಕ್ಸೆಲ್ಲಿಗೆ ಹರಡಿದರೆ, ಹೊಳಪಿನ ತೂಕ ಹಾಕಿ ನಡುಬಿಂದುವನ್ನು ಪಿಕ್ಸೆಲ್ಲಿನ ಹತ್ತನೇ ಭಾಗದವರೆಗೆ ಹಿಡಿಯಬಹುದು. 20 ಡಿಗ್ರಿ ನೋಟವನ್ನು 1,024 ಪಿಕ್ಸೆಲ್ಲುಗಳಿಗೆ ಹಂಚಿದರೆ ಒಂದಕ್ಕೆ 70 ಆರ್ಕ್ ಸೆಕೆಂಡ್. ಅದರ ಹತ್ತನೇ ಭಾಗ 7. ಏಳೆಂಟು ನಕ್ಷತ್ರಗಳ ಸರಾಸರಿ ತೆಗೆದರೆ ಇನ್ನೂ ಇಳಿಯುತ್ತದೆ.

ಗುರುತು ಹಿಡಿಯುವುದು ಹೊಳಪಿನಿಂದಲ್ಲ, ನಡುವಿನ ಅಂತರದಿಂದ. ಮೂರು ಚುಕ್ಕೆ ಆರಿಸಿ, ಅವುಗಳ ನಡುವಿನ ಮೂರು ಕೋನಗಳನ್ನು ಅಳೆದು, ಪಟ್ಟಿಯಲ್ಲಿ ಅಂಥದ್ದೇ ತ್ರಿಕೋನ ಹುಡುಕುತ್ತದೆ. ನಾಲ್ಕನೇ ಚುಕ್ಕೆಯಿಂದ ಖಾತ್ರಿ ಮಾಡಿಕೊಳ್ಳುತ್ತದೆ. ಮೊದಲ ಸಲ ಹುಡುಕುವಾಗ ಸ್ವಲ್ಪ ಹೊತ್ತು ಹಿಡಿಯುತ್ತದೆ. ಒಮ್ಮೆ ಸಿಕ್ಕಿದ ಮೇಲೆ, ಮುಂದಿನ ಚಿತ್ರದಲ್ಲಿ ಯಾವ ನಕ್ಷತ್ರ ಎಲ್ಲಿ ಬರಬೇಕೆಂದು ಗೊತ್ತಿರುವುದರಿಂದ ಸೆಕೆಂಡಿಗೆ ಹಲವು ಸಲ ಉತ್ತರ ಕೊಡುತ್ತದೆ.

ಹಳೆಯ ಕಾಲದಲ್ಲಿ ಇಷ್ಟು ಜಾಣತನವಿರಲಿಲ್ಲ. 1964ರಲ್ಲಿ ಮಂಗಳನತ್ತ ಹೊರಟ ಮ್ಯಾರಿನರ್-4 ಒಂದೇ ಒಂದು ನಕ್ಷತ್ರವನ್ನು ನೆಚ್ಚಿಕೊಂಡಿತ್ತು: ಅಗಸ್ತ್ಯ. ಜನವರಿ, ಫೆಬ್ರವರಿಯ ರಾತ್ರಿ ನಮ್ಮ ದಕ್ಷಿಣದ ಆಕಾಶದಲ್ಲಿ ಲುಬ್ಧಕನ ಕೆಳಗೆ ಹೊಳೆಯುವ ಅದೇ ಅಗಸ್ತ್ಯ. ನೌಕೆಯಿಂದ ಉದುರಿದ ಧೂಳಿನ ಕಣಗಳು ಬಿಸಿಲಿಗೆ ಮಿಂಚಿದಾಗಲೆಲ್ಲ ಸೆನ್ಸರ್ ಅದನ್ನೇ ನಕ್ಷತ್ರವೆಂದು ಬೆನ್ನಟ್ಟಿ ಅಗಸ್ತ್ಯನನ್ನು ಕಳೆದುಕೊಳ್ಳುತ್ತಿತ್ತು.

ಹೊಸಬರು ಮರೆಯುವ ಮೂರು ಸಂಗತಿಗಳು. ಒಂದು, ನೋಟದ ಅಕ್ಷದ ಸುತ್ತಲಿನ ಹೊರಳನ್ನು ಸ್ಟಾರ್ ಸೆನ್ಸರ್ ಐದರಿಂದ ಹತ್ತು ಪಟ್ಟು ಕೆಟ್ಟದಾಗಿ ಅಳೆಯುತ್ತದೆ. ಅದಕ್ಕೇ ಎರಡನ್ನು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ಕೂರಿಸುತ್ತಾರೆ. ಒಂದಕ್ಕೆ ಸೂರ್ಯ ಅಡ್ಡ ಬಂದರೆ ಇನ್ನೊಂದು ಇರುತ್ತದೆ. ಎರಡು, ಬೆಳಕಿನ ಅಬರೇಶನ್. ಭೂಮಿ ಸೆಕೆಂಡಿಗೆ 30 ಕಿ.ಮೀ. ಓಡುವುದರಿಂದ ನಕ್ಷತ್ರಗಳು ತಮ್ಮ ಜಾಗದಿಂದ 20.5 ಆರ್ಕ್ ಸೆಕೆಂಡಿನ ತನಕ ಸರಿದು ಕಾಣುತ್ತವೆ, ಓಡುತ್ತಾ ನೋಡಿದರೆ ಮಳೆ ಎದುರಿನಿಂದ ಓರೆಯಾಗಿ ಬಂದ ಹಾಗೆ. ಉಪಗ್ರಹದ ಸ್ವಂತ 7.6 ಕಿ.ಮೀ. ವೇಗಕ್ಕೆ ಇನ್ನೊಂದು 5. ಇದನ್ನು ಕಳೆಯದಿದ್ದರೆ ದುಬಾರಿ ಸೆನ್ಸರ್ ಕೊಂಡಿದ್ದು ದಂಡ. ಮೂರು, ದಕ್ಷಿಣ ಅಟ್ಲಾಂಟಿಕ್ ಮೇಲೆ ಹಾದುಹೋಗುವಾಗ ಪ್ರೋಟಾನುಗಳು ಕ್ಯಾಮೆರಾದ ಚಿಪ್‌ಗೆ ಬಡಿದು ಸುಳ್ಳು ಚುಕ್ಕೆಗಳನ್ನು ಮೂಡಿಸುತ್ತವೆ. ಸಾಫ್ಟ್‌ವೇರ್ ಅವನ್ನು ಸೋಸಬೇಕು.

ನಕ್ಷತ್ರವೇ ಸಿಕ್ಕ ಮೇಲೆ ಗೈರೊ ಯಾಕೆ?

ಸ್ಟಾರ್ ಸೆನ್ಸರಿಗೆ ವೇಗ ಆಗದು. ಸೆಕೆಂಡಿಗೆ ಒಂದೆರಡು ಡಿಗ್ರಿಗಿಂತ ಜೋರಾಗಿ ತಿರುಗಿದರೆ ನಕ್ಷತ್ರಗಳು ಗೆರೆಗಳಾಗಿಬಿಡುತ್ತವೆ. ಗೈರೊ ಎಲ್ಲಿದ್ದೇವೆಂದು ಹೇಳುವುದಿಲ್ಲ, ಎಷ್ಟು ತಿರುಗಿದೆವು ಎಂದು ಹೇಳುತ್ತದೆ, ಅದೂ ಎಡೆಬಿಡದೆ. ಅದರ ರೋಗವೆಂದರೆ ಡ್ರಿಫ್ಟ್: ಸುಮ್ಮನೆ ಕೂತಿದ್ದರೂ ತಿರುಗುತ್ತಿದ್ದೇನೆ ಎನ್ನುವುದು. ಗಂಟೆಗೆ 5 ಡಿಗ್ರಿ ಡ್ರಿಫ್ಟ್ ಇರುವ ಅಗ್ಗದ ಎಂಇಎಂಎಸ್ (ಸಣ್ಣ ಚಿಪ್ ರೂಪದ) ಗೈರೊವನ್ನು ನಂಬಿ 35 ನಿಮಿಷದ ನೆರಳು ದಾಟಿದರೆ ಸುಮಾರು 3 ಡಿಗ್ರಿ ತಪ್ಪಿರುತ್ತೀರಿ. ಗಂಟೆಗೆ 0.01 ಡಿಗ್ರಿಯ ಒಳ್ಳೆಯ ಗೈರೊ ಆದರೆ 21 ಆರ್ಕ್ ಸೆಕೆಂಡ್.

ಆದ್ದರಿಂದ ಎರಡನ್ನೂ ಕಾಲ್ಮನ್ ಫಿಲ್ಟರ್ ಎಂಬ ಲೆಕ್ಕದ ವಿಧಾನದಲ್ಲಿ ಜೋಡಿಸುತ್ತಾರೆ. ಗೈರೊ ಕ್ಷಣಕ್ಷಣದ ಲೆಕ್ಕ ಇಡುತ್ತದೆ, ನಕ್ಷತ್ರ ಆಗಾಗ ತಿದ್ದುತ್ತದೆ. ತಿದ್ದುವಾಗಲೇ ಗೈರೊದ ಡ್ರಿಫ್ಟ್ ಎಷ್ಟೆಂದೂ ಫಿಲ್ಟರ್ ಕಲಿತುಕೊಳ್ಳುತ್ತದೆ. ತಪ್ಪು ಕಲಿತರೆ ಏನಾಗುತ್ತದೆ ಎಂಬುದು ಕೆಳಗೆ ಹಿಟೊಮಿಯ ಕಥೆಯಲ್ಲಿದೆ.

ಜಿಪಿಎಸ್ ಸಾಲುವುದಿಲ್ಲವೇ?

ಜಿಪಿಎಸ್ ಹೇಳುವುದು ಜಾಗ ಮತ್ತು ಹೊತ್ತು, ಮುಖವನ್ನಲ್ಲ. ಆದರೆ ಅದಿಲ್ಲದೆ ಇದೂ ನಡೆಯದು: ಸೂರ್ಯ ಎಲ್ಲಿರಬೇಕು, ಕಾಂತಕ್ಷೇತ್ರ ಎತ್ತ ಇರಬೇಕು ಎಂಬ ಲೆಕ್ಕಕ್ಕೆ ಜಾಗವೂ ಹೊತ್ತೂ ಬೇಕು. ಗಡಿಯಾರ ಒಂದು ಸೆಕೆಂಡ್ ತಪ್ಪಿದರೆ ಉಪಗ್ರಹದ ನೇರ ಕೆಳಗಿನ ಬಿಂದು ನೆಲದ ಮೇಲೆ 7 ಕಿ.ಮೀ. ಸರಿದಿರುತ್ತದೆ.

ಕ್ವಾಟರ್ನಿಯನ್ ಅಂದರೆ ಹೆದರಿಕೆ. ರೋಲ್, ಪಿಚ್, ಯಾ ಸಾಲದೇ?

ರೋಲ್ ಅಂದರೆ ಓಟದ ದಿಕ್ಕಿನ ಸುತ್ತ ಹೊರಳುವುದು, ಪಿಚ್ ಅಂದರೆ ಮೂತಿ ಮೇಲೆ ಕೆಳಗೆ ಆಗುವುದು, ಯಾ ಅಂದರೆ ಮೂತಿ ಎಡಬಲಕ್ಕೆ ತಿರುಗುವುದು. ಮನುಷ್ಯರಿಗೆ ಹೇಳಲು ಈ ಮೂರು ಕೋನ ಸಾಕು. ಲೆಕ್ಕಕ್ಕೆ ಸಾಲದು: ನಡುವಿನ ಕೋನ 90 ಡಿಗ್ರಿಗೆ ಬಂದಾಗ ಉಳಿದೆರಡು ಒಂದರೊಳಗೊಂದು ಬೆರೆತುಹೋಗಿ ಸೊನ್ನೆಯಿಂದ ಭಾಗಿಸುವ ಪರಿಸ್ಥಿತಿ ಬರುತ್ತದೆ. ನಾಲ್ಕು ಸಂಖ್ಯೆಗಳ ಕ್ವಾಟರ್ನಿಯನ್ನಿಗೆ ಆ ಕಾಟವಿಲ್ಲ. ಬೇರೆ ಎರಡು ಕಾಟಗಳಿವೆ. q ಮತ್ತು −q ಎರಡೂ ಒಂದೇ ಮುಖವನ್ನು ಹೇಳುತ್ತವೆ. ಚಿಹ್ನೆ ನೋಡದೆ ಕೋಡ್ ಬರೆದರೆ 10 ಡಿಗ್ರಿ ತಿರುಗಬೇಕಾದ ಉಪಗ್ರಹ 350 ಡಿಗ್ರಿ ಸುತ್ತಿ ಬರುತ್ತದೆ. ಇನ್ನೊಂದು, ಕೆಲವರು ಸ್ಕೇಲಾರ್ ಭಾಗವನ್ನು (ನಾಲ್ಕರಲ್ಲಿ ದಿಕ್ಕಿಲ್ಲದ ಒಂದು ಸಂಖ್ಯೆ) ಮೊದಲು ಬರೆಯುತ್ತಾರೆ, ಕೆಲವರು ಕೊನೆಗೆ. ಸೆನ್ಸರ್ ಕೊಟ್ಟವರು ಒಂದು ಥರ, ಕೋಡ್ ಬರೆದವರು ಇನ್ನೊಂದು ಥರ ಇಟ್ಟುಕೊಂಡರೆ ವಾರಗಟ್ಟಲೆ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಇಂಟರ್‌ಫೇಸ್ ದಾಖಲೆಯ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆದಿಡಿ.

ತಳ್ಳಲು ಏನೂ ಇಲ್ಲದ ಜಾಗದಲ್ಲಿ ಉಪಗ್ರಹ ತಿರುಗುವುದು ಹೇಗೆ?

ಒಳಗಿನ ರಿಯಾಕ್ಷನ್ ವ್ಹೀಲ್‌ನಿಂದ. ತಿರುಗುವ ಕುರ್ಚಿಯಲ್ಲಿ ಕಾಲೆತ್ತಿ ಕೂತು, ಸೈಕಲ್ ಚಕ್ರವನ್ನು ಅಡ್ಡಡ್ಡ ಹಿಡಿದು ಬಲಕ್ಕೆ ತಿರುಗಿಸಿ ನೋಡಿ. ಕುರ್ಚಿ ಎಡಕ್ಕೆ ತಿರುಗುತ್ತದೆ. ಒಟ್ಟು ಕೋನೀಯ ಸಂವೇಗ ಬದಲಾಗಲಿಲ್ಲ, ಚಕ್ರ ಪಡೆದಷ್ಟನ್ನೇ ಕುರ್ಚಿ ಎದುರು ದಿಕ್ಕಿನಲ್ಲಿ ಪಡೆಯಿತು.

ಒಂದು ಲೆಕ್ಕ ಮಾಡೋಣ. ಉಪಗ್ರಹದ ಮೊಮೆಂಟ್ ಆಫ್ ಇನರ್ಷಿಯಾ 500 ಕಿ.ಗ್ರಾಂ.-ಚದರ ಮೀಟರ್, ಚಕ್ರದ ಟಾರ್ಕ್ (ತಿರುಚುವ ಬಲ) 0.2 ನ್ಯೂಟನ್-ಮೀಟರ್ ಎಂದುಕೊಳ್ಳಿ. ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ 0.0004 ರೇಡಿಯನ್. 30 ಡಿಗ್ರಿ ತಿರುಗಬೇಕಾದರೆ ಅರ್ಧ ದಾರಿ ವೇಗ ಹೆಚ್ಚಿಸಿ, ಉಳಿದರ್ಧ ಬ್ರೇಕ್ ಹಾಕಬೇಕು: ಒಟ್ಟು 72 ಸೆಕೆಂಡ್. ನಡುದಾರಿಯಲ್ಲಿ ವೇಗ ಸೆಕೆಂಡಿಗೆ 0.83 ಡಿಗ್ರಿ, ಚಕ್ರ ಹೀರಬೇಕಾದ ಸಂವೇಗ 7.2 ನ್ಯೂಟನ್-ಮೀಟರ್-ಸೆಕೆಂಡ್. 10ರ ಚಕ್ರವಿದ್ದರೆ ಆಗುತ್ತದೆ, 5ರದ್ದಾದರೆ ಆಗುವುದಿಲ್ಲ, ಟಾರ್ಕ್ ಎಷ್ಟೇ ಇರಲಿ. ಇದಕ್ಕೆ ಫಲಕಗಳ ನಡುಕ ನಿಲ್ಲುವ ಹೊತ್ತನ್ನೂ ಸೇರಿಸಿಕೊಳ್ಳಿ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಂಥ ದೈತ್ಯಕ್ಕೆ ಈ ಚಕ್ರಗಳು ಸಾಲವು. ಅಲ್ಲಿ ನಿಮಿಷಕ್ಕೆ 6,600 ಸುತ್ತು ಒಂದೇ ಸಮನೆ ತಿರುಗುವ ಸುಮಾರು 98 ಕಿಲೊದ ನಾಲ್ಕು ಚಕ್ರಗಳಿವೆ. ಅವುಗಳ ವೇಗ ಬದಲಿಸುವುದಿಲ್ಲ, ಅಕ್ಷವನ್ನೇ ವಾಲಿಸುತ್ತಾರೆ.

ಅಕ್ಷ ಮೂರೇ ಇರುವಾಗ ಚಕ್ರ ನಾಲ್ಕು ಯಾಕೆ?

ಒಂದು ಕೆಟ್ಟರೆ ಎಂದು. ನಾಲ್ಕನ್ನೂ ಪಿರಮಿಡ್ಡಿನ ಬದಿಗಳಂತೆ ಓರೆಯಾಗಿ ಕೂರಿಸಿದರೆ ಯಾವ ಮೂರು ಉಳಿದರೂ ಮೂರು ಅಕ್ಷಗಳನ್ನೂ ನಿಭಾಯಿಸಬಹುದು. ನಾಲ್ಕೂ ಇದ್ದಾಗ ಇನ್ನೊಂದು ಅನುಕೂಲ: ಉಪಗ್ರಹವನ್ನು ಅಲ್ಲಾಡಿಸದೆಯೇ ಎಲ್ಲ ಚಕ್ರಗಳನ್ನೂ ಸೊನ್ನೆ ವೇಗದಿಂದ ದೂರ ಇಡಬಹುದು. ಚಕ್ರ ದಿಕ್ಕು ಬದಲಿಸಲು ಸೊನ್ನೆ ದಾಟುವಾಗ ಬೇರಿಂಗಿನ ಘರ್ಷಣೆ ತಟ್ಟನೆ ತಿರುಗುಮುರುಗಾಗಿ ಉಪಗ್ರಹ ಚಿವುಟಿದ ಹಾಗೆ ಬೆಚ್ಚುತ್ತದೆ. ಚಿತ್ರ ತೆಗೆಯುವಾಗ ಅದು ಆಗಬಾರದು.

ಬೇರಿಂಗೇ ಚಕ್ರದ ಆಯಸ್ಸು. ಕೆಪ್ಲರ್ ದೂರದರ್ಶಕದ ನಾಲ್ಕರಲ್ಲಿ ಒಂದು ಚಕ್ರ 2012ರ ಜುಲೈನಲ್ಲಿ, ಇನ್ನೊಂದು 2013ರ ಮೇ ತಿಂಗಳಲ್ಲಿ ಕೈಕೊಟ್ಟಿತು. ಉಳಿದೆರಡರಲ್ಲಿ ಮೂರು ಅಕ್ಷ ಆಗದು. ಆಗ ಎಂಜಿನಿಯರುಗಳು ಸೂರ್ಯನ ಬೆಳಕಿನ ಒತ್ತಡ ಎರಡೂ ಬದಿಗೆ ಸಮನಾಗಿ ಬೀಳುವಂತೆ ನೌಕೆಯನ್ನು ಹಿಡಿದು, ಬೆಳಕನ್ನೇ ಮೂರನೇ ಚಕ್ರದಂತೆ ಬಳಸಿಕೊಂಡು ಕೆ2 ಎಂಬ ಹೆಸರಿನಲ್ಲಿ ಕೆಲಸ ಮುಂದುವರಿಸಿದರು.

ಚಕ್ರ "ತುಂಬಿಹೋಗುತ್ತದೆ" ಅನ್ನುತ್ತಾರಲ್ಲ, ಏನದು?

ಹೊರಗಿನ ಸಣ್ಣ ಸಣ್ಣ ಟಾರ್ಕುಗಳು ಉಪಗ್ರಹವನ್ನು ಸದಾ ತಿರುಚುತ್ತಿರುತ್ತವೆ. ಅದನ್ನು ತಡೆಯಲು ಚಕ್ರ ವೇಗ ಹೆಚ್ಚಿಸಿಕೊಳ್ಳುತ್ತಾ ಹೋಗುತ್ತದೆ, ಒಂದು ದಿನ ಮೇಲ್ಮಿತಿ ಮುಟ್ಟುತ್ತದೆ. ಆಮೇಲೆ ಅದಕ್ಕೆ ಹೀರಲು ಜಾಗವಿಲ್ಲ.

ಬಿಸಿಲಿನ ಒತ್ತಡವನ್ನೇ ನೋಡಿ: ಚದರ ಮೀಟರಿಗೆ ನ್ಯೂಟನ್ನಿನ ಹತ್ತು ಲಕ್ಷದಲ್ಲಿ 4.5 ಭಾಗ. ಕಾಸಿಗೂ ಬಾರದ ಬಲ. ಆದರೆ 10 ಚದರ ಮೀಟರ್ ಫಲಕ, ಗುರುತ್ವ ಕೇಂದ್ರದಿಂದ ಅರ್ಧ ಮೀಟರ್ ಆಚೆ ಇದ್ದರೆ ದಿನಕ್ಕೆ ಸುಮಾರು 2 ನ್ಯೂಟನ್-ಮೀಟರ್-ಸೆಕೆಂಡ್ ಸಂವೇಗ ತುಂಬುತ್ತದೆ. ನಮ್ಮ 10ರ ಚಕ್ರಕ್ಕೆ ಐದು ದಿನ. ಇನ್ಸಾಟ್-2ಎ, 2ಬಿಗಳಲ್ಲಿ ಹವಾಮಾನ ಕ್ಯಾಮೆರಾವನ್ನು ತಣ್ಣಗಿಡಲು ಉತ್ತರದ ಬದಿಯನ್ನು ಖಾಲಿ ಬಿಡಬೇಕಿತ್ತು, ಸೋಲಾರ್ ಫಲಕ ದಕ್ಷಿಣಕ್ಕೆ ಮಾತ್ರ. ಆ ಅಸಮತೋಲವನ್ನು ಸರಿದೂಗಿಸಲು ಎದುರು ಬದಿಗೆ ಉದ್ದ ಕೋಲು ಚಾಚಿ ಅದರ ತುದಿಗೆ ಬಿಸಿಲ ಪಟ ಕಟ್ಟಿದ್ದರು. ಭಾರ ಇಟ್ಟು ತಕ್ಕಡಿ ಸರಿಮಾಡಿದ ಹಾಗೆ, ಇಲ್ಲಿ ಬೆಳಕಿಟ್ಟು.

ಕೆಳಗಿನ ಕಕ್ಷೆಗಳಲ್ಲಿ ಗಾಳಿಯ ತೆಳು ಪದರ, ಗುರುತ್ವದ ಏರಿಳಿತ, ಉಪಗ್ರಹದ್ದೇ ಉಳಿಕೆ ಕಾಂತತ್ವ ಇವೂ ತಿರುಚುತ್ತವೆ. ತುಂಬಿದ್ದನ್ನು ಖಾಲಿ ಮಾಡಲು ಹೊರಗಿನದೇನನ್ನಾದರೂ ಹಿಡಿದುಕೊಳ್ಳಬೇಕು: ಥ್ರಸ್ಟರಿನಿಂದ ಅನಿಲ ಉಗುಳಬೇಕು, ಇಲ್ಲವೇ ಭೂಮಿಯ ಕಾಂತಕ್ಷೇತ್ರವನ್ನು ತಳ್ಳಬೇಕು. 2024ರ ಜನವರಿ 6ರಿಂದ ಭೂಮಿ-ಸೂರ್ಯರ ನಡುವಿನ ಎಲ್1 ಬಿಂದುವಿನ ಸುತ್ತ ಇರುವ ಆದಿತ್ಯ-ಎಲ್1ಗೆ ಎರಡನೆಯ ದಾರಿಯಿಲ್ಲ; 15 ಲಕ್ಷ ಕಿ.ಮೀ. ದೂರದಲ್ಲಿ ಭೂಮಿಯ ಕಾಂತಕ್ಷೇತ್ರ ಕೈಗೆ ಸಿಗುವುದಿಲ್ಲ.

ಮ್ಯಾಗ್ನೆಟಿಕ್ ಟಾರ್ಕರ್ ಇದ್ದರೆ ಇಂಧನ ಬೇಡ ಎಂದ ಮೇಲೆ ಎಲ್ಲಕ್ಕೂ ಅದನ್ನೇ ಬಳಸಬಾರದೇಕೆ?

ಬಲ ಕಡಿಮೆ, ಮೇಲಾಗಿ ಹಟಮಾರಿ. ಟಾರ್ಕರ್ ಅಂದರೆ ತಂತಿ ಸುತ್ತಿದ ಸರಳು; ಕರೆಂಟು ಬಿಟ್ಟರೆ ಕಾಂತ. ಬೆಂಗಳೂರಿನ ಮೇಲೆ 500 ಕಿ.ಮೀ. ಎತ್ತರದಲ್ಲಿ ಕ್ಷೇತ್ರ ಸುಮಾರು 30,000 ನ್ಯಾನೊಟೆಸ್ಲಾ. 10 ಆಂಪಿಯರ್-ಚದರ ಮೀಟರಿನ ಸರಳು ಅಲ್ಲಿ ಕೊಡುವ ಟಾರ್ಕ್ 0.0003 ನ್ಯೂಟನ್-ಮೀಟರ್, ಮೇಲಿನ ಚಕ್ರದ ಆರುನೂರರಲ್ಲೊಂದು ಪಾಲಿಗಿಂತ ಕಡಿಮೆ. ದಿನಕ್ಕೆ ತುಂಬುವ ಆ 2 ಘಟಕವನ್ನು ಖಾಲಿ ಮಾಡಲು ಎಡೆಬಿಡದೆ ದುಡಿದರೂ 6,700 ಸೆಕೆಂಡ್, ಒಂದು ಸುತ್ತಿಗಿಂತ ಹೆಚ್ಚು.

ಹಟ ಏನೆಂದರೆ, ಕ್ಷೇತ್ರದ ಗೆರೆಯ ಸುತ್ತ ಅದು ತಿರುಗಿಸಲಾರದು, ಅಡ್ಡಕ್ಕೆ ಮಾತ್ರ. ನಮ್ಮ ತಲೆಯ ಮೇಲೆ ಕ್ಷೇತ್ರ ಹೆಚ್ಚುಕಡಿಮೆ ಅಡ್ಡಡ್ಡ ಉತ್ತರಕ್ಕೆ ಮಲಗಿದೆ. ಧ್ರುವದಿಂದ ಧ್ರುವಕ್ಕೆ ಓಡುವ ಉಪಗ್ರಹ ಬೆಂಗಳೂರು ದಾಟುವಾಗ ಅದರ ಓಟವೂ ಉತ್ತರ-ದಕ್ಷಿಣ, ಹಾಗಾಗಿ ಆ ಹೊತ್ತಿನಲ್ಲಿ ರೋಲ್ ಕೈಗೆ ಸಿಗುವುದಿಲ್ಲ. ಧ್ರುವದ ಹತ್ತಿರ ಕ್ಷೇತ್ರ ನೆಟ್ಟಗೆ ನಿಲ್ಲುತ್ತದೆ. ಅಲ್ಲಿ ಯಾ ಸಿಗುವುದಿಲ್ಲ, ರೋಲ್ ಸಿಗುತ್ತದೆ. ಸುತ್ತು ಮುಗಿಯುವಷ್ಟರಲ್ಲಿ ಎಲ್ಲವೂ ಒಮ್ಮೆ ಸಿಗುತ್ತದೆ, ಬೇಕಾದಾಗ ಬೇಕಾದ್ದು ಸಿಗುವುದಿಲ್ಲ.

ಇನ್ನೊಂದು ಮಾತು: ಟಾರ್ಕರ್ ಉರಿಯುತ್ತಿರುವಾಗ ಮ್ಯಾಗ್ನೆಟೋಮೀಟರ್ ಓದಬೇಡಿ. ಆರಿಸಿ, ಕರೆಂಟು ಪೂರ್ತಿ ಇಳಿಯಲು ಬಿಟ್ಟು, ಓದಿ, ಮತ್ತೆ ಹೊತ್ತಿಸಿ.

ರಾಕೆಟ್ಟಿನಿಂದ ಬೇರ್ಪಟ್ಟ ತಕ್ಷಣ ಏನು ನಡೆಯುತ್ತದೆ?

ಸ್ಪ್ರಿಂಗು ತಳ್ಳಿದಾಗ ಸಣ್ಣ ಉಪಗ್ರಹ ಸೆಕೆಂಡಿಗೆ ಹಲವು ಡಿಗ್ರಿ ಉರುಳುತ್ತಾ ಹೊರಬರುತ್ತದೆ. ಎತ್ತ ನೋಡುತ್ತಿದ್ದೇನೆಂದು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಬಿ-ಡಾಟ್ ಎಂಬ ಒಂದೇ ಸಾಲಿನ ನಿಯಮ ಸಾಕು: ಕಾಂತಕ್ಷೇತ್ರದ ಓದು ಎತ್ತ ಬದಲಾಗುತ್ತಿದೆಯೋ ಅದಕ್ಕೆ ವಿರುದ್ಧವಾಗಿ ಟಾರ್ಕರ್ ಹೊತ್ತಿಸು. ಕೆಲವು ಸುತ್ತುಗಳಲ್ಲಿ ಉರುಳು ನಿಲ್ಲುತ್ತದೆ. ಆಮೇಲೆ ಸೂರ್ಯನನ್ನು ಹುಡುಕಿ ಫಲಕ ತಿರುಗಿಸಬೇಕು, ಬ್ಯಾಟರಿ ಮುಗಿಯುವ ಮುಂಚೆ. ಸ್ಟಾರ್ ಸೆನ್ಸರ್, ಚಕ್ರಗಳ ಸರದಿ ಕೊನೆಗೆ.

ಹತೋಟಿ ತಪ್ಪಿ ಉಪಗ್ರಹ ಕಳೆದುಹೋಗುವುದು ಹೇಗೆ?

ಭಾಗ ಮುರಿದು ಕಳೆದುಹೋದದ್ದಕ್ಕಿಂತ ಪಾಠ ಕಲಿಸುವುದು ಸುಳ್ಳನ್ನು ನಂಬಿ ಕಳೆದುಹೋದದ್ದು. ಜಪಾನಿನ ಎಕ್ಸ್-ರೇ ದೂರದರ್ಶಕ ಹಿಟೊಮಿ 2016ರ ಫೆಬ್ರವರಿ 17ರಂದು ಹಾರಿತು. ಮಾರ್ಚ್ 26ರಂದು ಒಂದು ದೊಡ್ಡ ತಿರುವು ಮುಗಿಸಿದ ಮೇಲೆ ಸ್ಟಾರ್ ಸೆನ್ಸರ್ ನಡುವೆ ಕೈಬಿಟ್ಟಿತು. ಫಿಲ್ಟರ್ ಆಗಷ್ಟೇ ಗೈರೊದ ಡ್ರಿಫ್ಟನ್ನು ಗಂಟೆಗೆ 21.7 ಡಿಗ್ರಿ ಎಂದು ತಪ್ಪಾಗಿ ಊಹಿಸಿತ್ತು. ತಿದ್ದುವವರಿಲ್ಲದೆ ಆ ಅಂಕಿ ಹಾಗೇ ಉಳಿಯಿತು. ನಿಂತಿದ್ದ ನೌಕೆ ತಾನು ತಿರುಗುತ್ತಿದ್ದೇನೆಂದು ನಂಬಿ, ಇಲ್ಲದ ತಿರುಗಾಟವನ್ನು ತಡೆಯಲು ಹೋಗಿ ನಿಜವಾಗಿಯೂ ತಿರುಗತೊಡಗಿತು. ಮುಖ ತಪ್ಪಾಗಿ ತಿಳಿದಿದ್ದರಿಂದ ಟಾರ್ಕರುಗಳೂ ಚಕ್ರವನ್ನು ಸರಿಯಾಗಿ ಖಾಲಿ ಮಾಡಲಿಲ್ಲ. ಕೊನೆಗೆ ಸೇಫ್ ಮೋಡ್ (ಅಪಾಯ ಬಂದಾಗ ಜೀವ ಉಳಿಸಿಕೊಳ್ಳುವ ಸ್ಥಿತಿ) ಬಂತು, ಥ್ರಸ್ಟರ್ ಹಿಡಿಯಿತು. ಅದರ ನಿಯಂತ್ರಣದ ಅಂಕಿಗಳೂ ತಪ್ಪಾಗಿದ್ದವು. ನಿಲ್ಲಿಸುವ ಬದಲು ಇನ್ನೂ ಜೋರಾಗಿ ತಿರುಗಿಸಿ ಸೋಲಾರ್ ಫಲಕಗಳೇ ಕಿತ್ತುಹೋದವು.

ಇಲ್ಲಿ ಒಂದೂ ಯಂತ್ರ ಕೆಟ್ಟಿರಲಿಲ್ಲ ಎನ್ನುವುದನ್ನು ಗಮನಿಸಿ. ಸೂರ್ಯ ಸೆನ್ಸರನ್ನು ಒಂದು ಸಲ ಕೇಳಿದ್ದರೆ "ಸೂರ್ಯ ಅಲ್ಲಿಲ್ಲವಲ್ಲ" ಎನ್ನುತ್ತಿತ್ತು. ಹಾಗಾಗಿ ಸೇಫ್ ಮೋಡ್ ಬರೆಯುವಾಗ ಅದು ಫಿಲ್ಟರಿನ ಯಾವ ಊಹೆಯನ್ನೂ ಆಧರಿಸದಿರಲಿ. ಬೇರೆಯದೇ ಸೆನ್ಸರ್, ಬೇರೆಯದೇ ಕೋಡ್, ಒಂದೇ ಗುರಿ: ಫಲಕ ಸೂರ್ಯನತ್ತ, ನಿಧಾನವಾಗಿ. ಹಾರಿದ ಮೇಲೆ ಬದಲಿಸುವ ಅಂಕಿಗಳನ್ನು ಇಬ್ಬರು ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಸಿಮ್ಯುಲೇಟರಿನಲ್ಲಿ ಓಡಿಸಿ, ಆಮೇಲೆ ಕಳಿಸಿ.

ಎಲ್ಲ ಸರಿಯಿದ್ದೂ ಚಿತ್ರ ಮಸುಕಾಗುವುದೇಕೆ?

ನಡುಕ. ನಿಮಿಷಕ್ಕೆ 6,000 ಸುತ್ತುವ ಚಕ್ರದಲ್ಲಿ ಕೂದಲೆಳೆ ತೂಕ ಒಂದು ಬದಿಗಿದ್ದರೂ ಸೆಕೆಂಡಿಗೆ 100 ಸಲ ಕಂಪನ. ಅದು ಫಲಕದ್ದೋ ಕನ್ನಡಿಯ ಚೌಕಟ್ಟಿನದ್ದೋ ಸಹಜ ಕಂಪನಕ್ಕೆ ಹೊಂದಿಬಿಟ್ಟರೆ ಮುಗಿಯಿತು. ಆ ವೇಗದಲ್ಲಿ ಚಕ್ರ ನಿಲ್ಲದಂತೆ ನೋಡಿಕೊಳ್ಳಬೇಕು. ಇಂಥ ನಡುಕವನ್ನು ಚಕ್ರದಿಂದಲೇ ತಡೆಯಲಾಗದು, ಹತೋಟಿಯ ಸುತ್ತು ಅಷ್ಟು ಚುರುಕಲ್ಲ. ನಿಧಾನದ ಓಲಾಟವನ್ನಾದರೆ ಆಮೇಲೂ ಸರಿಪಡಿಸಬಹುದು. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್‌ನ ನೇರಳಾತೀತ ದೂರದರ್ಶಕ ಹೀಗೇ ಮಾಡುತ್ತದೆ: ಪುಟ್ಟ ಪುಟ್ಟ ಫ್ರೇಮುಗಳನ್ನು ತೆಗೆದು, ನಕ್ಷತ್ರ ಎಷ್ಟು ಸರಿಯಿತೆಂದು ನೋಡಿ, ನೆಲದ ಮೇಲೆ ಒಂದರ ಮೇಲೊಂದು ಹೊಂದಿಸಿ ಕೂಡಿಸುತ್ತಾರೆ.

ಈ ಕೆಲಸ ಬೆಂಗಳೂರಿನಲ್ಲಿ ಎಲ್ಲೆಲ್ಲಿ ನಡೆಯುತ್ತದೆ?

ಉಪಗ್ರಹ ಕಟ್ಟುವುದು ಹಳೆ ವಿಮಾನ ನಿಲ್ದಾಣ ರಸ್ತೆಯ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. ಸ್ಟಾರ್ ಸೆನ್ಸರ್, ಭೂಮಿ ಸೆನ್ಸರುಗಳು ಪೀಣ್ಯದ ಲಿಯೋಸ್ ಪ್ರಯೋಗಾಲಯದಲ್ಲಿ, ಆರ್ಯಭಟ ಹುಟ್ಟಿದ ಜಾಗದಲ್ಲೇ. ಆದೇಶ ಕಳಿಸುವ ಇಸ್ಟ್ರಾಕ್ ಕೂಡ ಪೀಣ್ಯದಲ್ಲಿದೆ. ಚಂದ್ರ, ಮಂಗಳ, ಸೂರ್ಯರ ಕಡೆ ಹೋದವುಗಳ ಜೊತೆ ಮಾತಾಡುವ 32 ಮೀಟರ್ ಡಿಶ್ ಬ್ಯಾಲಾಳುವಿನಲ್ಲಿ. ಗೈರೊ, ಚಕ್ರಗಳು ಮಾತ್ರ ತಿರುವನಂತಪುರದ ಘಟಕದಿಂದ ಬರುತ್ತವೆ. ಭೂಸ್ಥಿರ ಉಪಗ್ರಹಗಳನ್ನು ಹಾಸನದಿಂದ ನೋಡಿಕೊಳ್ಳುತ್ತಾರೆ. ಕಾಲೇಜುಗಳ ಪೈಕಿ ಪಿಇಎಸ್ ವಿಶ್ವವಿದ್ಯಾಲಯದ 5.25 ಕಿಲೊದ ಪೈಸ್ಯಾಟ್ 2016ರ ಸೆಪ್ಟೆಂಬರ್ 26ರಂದು ಪಿಎಸ್‌ಎಲ್‌ವಿಯಲ್ಲಿ ಹಾರಿತು.

ಕಾಲೇಜಿನ ಲ್ಯಾಬಿನಲ್ಲಿ ಪರೀಕ್ಷೆ ಮಾಡುವುದು ಹೇಗೆ?

ದೊಡ್ಡ ಸಲಕರಣೆ ಇಲ್ಲದಿದ್ದರೂ ಚಿಹ್ನೆ ಪರೀಕ್ಷೆಯನ್ನಂತೂ ಬಿಡಬೇಡಿ. ಪ್ಲಸ್ ಇದ್ದಲ್ಲಿ ಮೈನಸ್ ಆದರೆ ತಡೆಯುವ ಹತೋಟಿ ತಳ್ಳುವ ಹತೋಟಿಯಾಗುತ್ತದೆ. 1999ರಲ್ಲಿ ಅಮೆರಿಕದ ಟೆರಿಯರ್ಸ್ ಎಂಬ ಪುಟ್ಟ ಉಪಗ್ರಹ ಟಾರ್ಕರ್ ಕಾಯಿಲಿನ ಚಿಹ್ನೆ ತಿರುವುಮುರುವಾಗಿ ಫಲಕವನ್ನು ಸೂರ್ಯನತ್ತ ತಿರುಗಿಸಲಾಗದೆ ಬ್ಯಾಟರಿ ಖಾಲಿಯಾಗಿ ಸತ್ತಿತು.

ಮ್ಯಾಗ್ನೆಟೋಮೀಟರಿನ +ಎಕ್ಸ್ ಅಕ್ಷವನ್ನು ಉತ್ತರಕ್ಕೆ ಹಿಡಿಯಿರಿ. ಬೆಂಗಳೂರಿನಲ್ಲಿ ಸುಮಾರು +40,000 ನ್ಯಾನೊಟೆಸ್ಲಾ ಬರಬೇಕು. ದಕ್ಷಿಣಕ್ಕೆ ತಿರುಗಿಸಿದರೆ ಅಷ್ಟೇ ಮೈನಸ್, ಪೂರ್ವಕ್ಕೆ ಹೆಚ್ಚುಕಡಿಮೆ ಸೊನ್ನೆ. ನಾವು ಕಾಂತೀಯ ಸಮಭಾಜಕಕ್ಕೆ ಹತ್ತಿರ ಇರುವುದರಿಂದ ಕೆಳಮುಖ ಭಾಗ ಸಣ್ಣದು. ಆಮೇಲೆ ಟಾರ್ಕರಿಗೆ +ಎಕ್ಸ್ ಆದೇಶ ಕೊಟ್ಟು, +ಎಕ್ಸ್ ತುದಿಯ ಹತ್ತಿರ ಅಂಗಡಿಯಲ್ಲಿ ಸಿಗುವ ಸಾದಾ ದಿಕ್ಸೂಚಿ ಹಿಡಿಯಿರಿ. ಮುಳ್ಳಿನ ಉತ್ತರದ ತುದಿ ಸರಳಿನ ಆ ತುದಿಯಿಂದ ದೂರ ಸರಿಯಬೇಕು. ಹ್ಯಾಲೊಜನ್ ದೀಪವನ್ನು +ಎಕ್ಸ್ ಮುಖಕ್ಕೆ ಹಿಡಿದರೆ ಸೂರ್ಯ ಸೆನ್ಸರ್ +ಎಕ್ಸ್ ಎನ್ನಬೇಕು. +ಝಡ್ ಮೇಲಕ್ಕಿಟ್ಟು, ಮೇಲಿಂದ ನೋಡಿದಾಗ ಗಡಿಯಾರದ ಎದುರು ದಿಕ್ಕಿಗೆ ಕೈಯಲ್ಲಿ ತಿರುಗಿಸಿದರೆ ಗೈರೊ ಝಡ್ ಪ್ಲಸ್ ತೋರಿಸಬೇಕು. ಬಿಡಿಬಿಡಿಯಾಗಿ ಸರಿ ಬಂದ ಮೇಲೆ ಪೂರ್ತಿ ಕೋಡ್ ಓಡಿಸಿ ಮತ್ತೆ ಕೈಯಲ್ಲಿ ತಿರುಗಿಸಿ, ಚಕ್ರಕ್ಕೆ ಹೋಗುವ ಆದೇಶ ನಿಮ್ಮ ಕೈಯನ್ನು ತಡೆಯುವಂತಿದೆಯೇ ನೋಡಿ. ಎರಡು ತಪ್ಪು ಚಿಹ್ನೆಗಳು ಸೇರಿ ಸರಿ ಕಾಣಬಲ್ಲವು. ಆದ್ದರಿಂದ ಬಿಡಿ ಪರೀಕ್ಷೆಯೂ ಬೇಕು, ಇಡೀ ಪರೀಕ್ಷೆಯೂ ಬೇಕು.

ಬಿ-ಡಾಟ್ ಪರೀಕ್ಷೆಗೆ ಮೂರು ಜೋಡಿ ತಂತಿ ಚೌಕಟ್ಟುಗಳ ಹೆಲ್ಮ್‌ಹೋಲ್ಟ್ಸ್ ಪಂಜರ ಮಾಡಿಕೊಳ್ಳಬಹುದು. ಊರಿನ ಕ್ಷೇತ್ರವನ್ನು ಮೊದಲು ಅಳಿಸಿ, ಕಕ್ಷೆಯ ಕ್ಷೇತ್ರವನ್ನು ಅದರೊಳಗೆ ತಿರುಗಿಸಬೇಕು. ಪಂಜರಕ್ಕೆ ಅಲ್ಯೂಮಿನಿಯಂ ಅಥವಾ ಮರ. ಕಬ್ಬಿಣದ ಮೇಜು, ಗಾಡ್ರೆಜ್ ಬೀರು ಹತ್ತಿರ ಬೇಡ. ಲಿಫ್ಟ್ ಮೇಲೆ ಕೆಳಗೆ ಹೋದರೂ ಓದು ಅಲುಗಾಡುತ್ತದೆ. ಕಾಲೇಜು ಮೆಟ್ರೊ ಮಾರ್ಗದ ಪಕ್ಕದಲ್ಲಿದ್ದರೆ ಇನ್ನೂ ಕಷ್ಟ: ನಮ್ಮ ಮೆಟ್ರೊ ಓಡುವುದು 750 ವೋಲ್ಟ್ ಡಿಸಿಯ ಮೂರನೇ ಹಳಿಯಿಂದ, ರೈಲು ಹೊರಟಾಗ ಅದರಲ್ಲಿ ಹರಿಯುವ ಕರೆಂಟಿಗೆ ಮ್ಯಾಗ್ನೆಟೋಮೀಟರ್ ಸುಮ್ಮನಿರುವುದಿಲ್ಲ. ಉಳಿಕೆ ಕಾಂತತ್ವ ಅಳೆಯುವಂಥ ಸೂಕ್ಷ್ಮ ಕೆಲಸವನ್ನು ಕೊನೆಯ ರೈಲು ಹೋದ ಮೇಲೆ ಇಟ್ಟುಕೊಳ್ಳಿ.